ಕೆಲಸದ ಜಾಗದಲ್ಲಿ ಕ್ರೈಸ್ತ ನಂಬಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಭೆಯಲ್ಲಿ ದುಡಿಯುವವರಿಗಾಗಿ ಒಂದು ಬೈಬಲ್ ಅಧ್ಯಯನದ ಗುಂಪು ನಡೆಸುತ್ತೇನೆ. ನರ್ಸ್‌ಗಳು, ಡ್ರೈವರ್‌ಗಳು, ಸಾಫ್ಟ್‌ವೇರ್‌ನವರು, ಅಂಗಡಿ ಇಟ್ಟುಕೊಂಡವರು, ರಾತ್ರಿ ಪಾಳಿಯ ಸೆಕ್ಯೂರಿಟಿಯವರು ಬರುತ್ತಾರೆ. ನಾನು ಅಕೌಂಟ್ಸ್ ವಿಭಾಗದಲ್ಲಿ 22 ವರ್ಷ ಕಳೆದವನು. ಅಧ್ಯಯನ ನಡೆಯುವಾಗ ಯಾರೂ ಬಾಯಿ ಬಿಡುವುದಿಲ್ಲ. ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ, “ಒಂದು ಮಾತು ಕೇಳಲಾ?” ಅನ್ನುತ್ತಾರೆ. ಆ ಬಾಗಿಲ ಬಳಿಯ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ.

ಭಾನುವಾರದ ಆರಾಧನೆಗೂ ಸೋಮವಾರದ ಕೆಲಸಕ್ಕೂ ಏನು ಸಂಬಂಧ? ಕೆಲಸ ಅನ್ನುವುದು ಪಾಪದಿಂದ ಬಂದ ಶಾಪವಲ್ಲವೇ?

ಅಲ್ಲ. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದೇ ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ. ಅದು ಆದಿಕಾಂಡದ 2ನೇ ಅಧ್ಯಾಯದಲ್ಲಿದೆ. ಪಾಪ ಬಂದದ್ದು 3ನೇ ಅಧ್ಯಾಯದಲ್ಲಿ. ಕೆಲಸ ಮೊದಲು, ಶಾಪ ಆಮೇಲೆ. ಶಾಪ ತಗಲಿದ್ದು ನೆಲಕ್ಕೆ. ಮುಳ್ಳು, ಕಳೆ, ಮುಖದ ಬೆವರು ಬಂದದ್ದು ಅಲ್ಲಿಂದ. ನಮ್ಮ ಕೆಲಸದಲ್ಲಿ ಆ ಮುಳ್ಳಿನ ಹೆಸರುಗಳು ಬೇರೆ, ಅಷ್ಟೇ: ಮುಗಿಯದ ಟಾರ್ಗೆಟ್, ತಾಳೆಯಾಗದ ಲೆಕ್ಕ, ಸುಮ್ಮಸುಮ್ಮನೆ ಸಿಡುಕುವ ಗಿರಾಕಿ. ಅವನ್ನು ನೋಡಿ ಕೆಲಸವನ್ನೇ ಶಾಪ ಅಂದುಕೊಂಡರೆ ದೇವರು ಕೊಟ್ಟ ಮೊದಲ ಜವಾಬ್ದಾರಿಯನ್ನೇ ದೂರ ತಳ್ಳಿದ ಹಾಗೆ.

ತೋಟದ ಕೆಲಸಕ್ಕೆ ಅಲ್ಲಿ ಬಳಸಿರುವ ಹೀಬ್ರೂ ಧಾತುವಿನಿಂದಲೇ ‘ಅವೋದಾ’ ಎಂಬ ಪದ ಹುಟ್ಟಿದೆ. ಅದಕ್ಕೆ ದುಡಿಮೆ ಅನ್ನುವ ಅರ್ಥವೂ ಇದೆ, ದೇವರ ಸೇವೆ ಅನ್ನುವ ಅರ್ಥವೂ ಇದೆ. ಆರಾಧನೆಯ ಗುಡಾರದಲ್ಲಿ ಲೇವಿ ಕುಲದವರು ಮಾಡುತ್ತಿದ್ದ ಸೇವೆಗೂ ಹೊಲದಲ್ಲಿ ಮಾಡುವ ದುಡಿಮೆಗೂ ಒಂದೇ ಪದ. ನಾವು ಮಧ್ಯದಲ್ಲಿ ಎಬ್ಬಿಸಿರುವ ಗೋಡೆ ಆ ಭಾಷೆಯಲ್ಲಿ ಇರಲೇ ಇಲ್ಲ.

ಇನ್ನೊಂದು ಮಾತು. ಯೇಸು ಸೇವೆ ಆರಂಭಿಸಿದಾಗ ಹೆಚ್ಚುಕಡಿಮೆ 30 ವರ್ಷದವನು ಎಂದು ಲೂಕ ಬರೆಯುತ್ತಾನೆ. ಊರಿನವರಿಗೆ ಅವನು ಗೊತ್ತಿದ್ದದ್ದು ಬಡಗಿ ಎಂದೇ (ಮಾರ್ಕ 6:3). ದೀಕ್ಷಾಸ್ನಾನದ ಹೊತ್ತಿನಲ್ಲಿ “ನಿನ್ನನ್ನು ಮೆಚ್ಚಿದ್ದೇನೆ” ಎಂಬ ವಾಣಿ ಆಕಾಶದಿಂದ ಬಂತಲ್ಲ, ಆ ಹೊತ್ತಿಗೆ ಯೇಸು ಒಂದು ಪ್ರಸಂಗ ಮಾಡಿದ್ದು, ಒಬ್ಬ ರೋಗಿಯನ್ನು ಗುಣಪಡಿಸಿದ್ದು ಯಾವ ಸುವಾರ್ತೆಯಲ್ಲೂ ಇಲ್ಲ. ತಂದೆ ಮೆಚ್ಚಿದ ಆ ಬದುಕಿನಲ್ಲಿ ಮರ ಕೊಯ್ದ ವರ್ಷಗಳೂ ಸೇರಿವೆ.

ನನ್ನದು ತೀರಾ ಸಾಮಾನ್ಯ ಕೆಲಸ. ಡೇಟಾ ಎಂಟ್ರಿ. ಇದರಲ್ಲಿ ದೇವರಿಗೆ ಮಹಿಮೆ ಎಲ್ಲಿಂದ ಬರಬೇಕು?

“ಯಾವ ಕೆಲಸ ಮಾಡಿದರೂ ಮನುಷ್ಯರಿಗೋಸ್ಕರ ಅಂದುಕೊಳ್ಳದೆ ಕರ್ತನಿಗೋಸ್ಕರ ಮನಃಪೂರ್ವಕವಾಗಿ ಮಾಡಿರಿ” ಎಂಬ ಅರ್ಥದ ಮಾತು ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿದೆ. ಇದನ್ನು ಗೋಡೆಗೆ ತೂಗುಹಾಕುವವರು ಬಹಳ. ಆ ಪತ್ರದ ಅಪೊಸ್ತಲ ಪೌಲ ಇದನ್ನು ಯಾರಿಗೆ ಬರೆದ ಎಂದು ನೋಡುವವರು ಕಡಿಮೆ. ದಾಸರಿಗೆ ಬರೆದ. ಕೆಲಸ ಆರಿಸಿಕೊಳ್ಳುವ ಹಕ್ಕೇ ಇಲ್ಲದ, ಕೂಲಿ ಕೇಳಲೂ ಆಗದ ಜನಕ್ಕೆ. ನಿಮ್ಮ ದುಡಿಮೆಯನ್ನು ನೋಡುವ ಒಬ್ಬ ಒಡೆಯ ಪರಲೋಕದಲ್ಲಿದ್ದಾನೆ, ಪ್ರತಿಫಲ ಆತನ ಕೈಯಲ್ಲಿದೆ ಎಂದು ಅವರಿಗೆ ಹೇಳಿದ. ಅದೇ ಭಾಗದಲ್ಲಿ, ಯಜಮಾನ ಕಣ್ಣೆದುರು ಇದ್ದಾಗ ಮಾತ್ರ ಮಾಡುವ ಕೆಲಸಕ್ಕೆ ಪೌಲ ಒಂದು ಗ್ರೀಕ್ ಪದ ಬಳಸುತ್ತಾನೆ. ಅದರ ನೇರ ಅರ್ಥ ‘ಕಣ್ಣಿನ ಚಾಕರಿ’. ಬಾಸ್ ರಜೆಯಲ್ಲಿದ್ದ ದಿನ ನಾವು ಹೇಗೆ ಕೆಲಸ ಮಾಡುತ್ತೇವೆ ಎನ್ನುವುದರಲ್ಲಿ ಇದು ಗೊತ್ತಾಗಿಬಿಡುತ್ತದೆ.

ಬೈಬಲಿನಲ್ಲಿ ದೇವರಾತ್ಮಭರಿತನಾದವನು ಎಂದು ಹೆಸರು ಹಿಡಿದು ಹೇಳಿರುವ ಮೊದಲಿಗರಲ್ಲಿ ಬೆಚಲೇಲ ಒಬ್ಬ. ಅವನು ಪ್ರವಾದಿಯಲ್ಲ, ಯಾಜಕನೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರ, ಮರ, ಕಲ್ಲಿನ ಕೆಲಸ ಬಲ್ಲ ಕುಶಲಕರ್ಮಿ (ವಿಮೋಚನಕಾಂಡ 31). ಪವಿತ್ರಾತ್ಮ ಅವನಿಗೆ ಕೊಟ್ಟದ್ದು ಕೈಚಳಕವನ್ನು.

17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಹೋದರರಿದ್ದರು. ಅವರಿಗೆ ಒಪ್ಪಿಸಿದ್ದು ಅಡುಗೆಮನೆ. ಅದು ಅವರಿಗೆ ಇಷ್ಟವಾದ ಕೆಲಸವೂ ಆಗಿರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆ, ಪ್ರಾರ್ಥನೆಗೆ ಮೊಣಕಾಲೂರಿದಾಗ ಇರುವ ಹಾಗೆಯೇ ದೇವರ ಸನ್ನಿಧಿಯಲ್ಲಿ ಇರುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1691ರಲ್ಲಿ ತೀರಿಕೊಂಡರು. ಆ ಕಾಲದ ಎಷ್ಟೋ ದೊಡ್ಡ ಪಂಡಿತರ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಈ ಅಡುಗೆಯವರ ಮಾತನ್ನು ಜನ ಇನ್ನೂ ಓದುತ್ತಾರೆ.

ನಿಮ್ಮ ಡೇಟಾ ಎಂಟ್ರಿಗೆ ಬರೋಣ. ನೀವು ತಪ್ಪಿಲ್ಲದೆ ಬರೆದ ಒಂದು ಹೆಸರಿನಿಂದ ಯಾರೋ ಒಬ್ಬರ ಪಿಂಚಣಿ ಸಮಯಕ್ಕೆ ಸರಿಯಾಗಿ ಬರುತ್ತದೆ. ಅವರಿಗೆ ನೀವು ಯಾರೆಂದು ಗೊತ್ತಿಲ್ಲ, ನಿಮಗೂ ಅವರು ಗೊತ್ತಿಲ್ಲ. ನೆರೆಯವನನ್ನು ಪ್ರೀತಿಸುವುದು ಎಂದರೆ ಕೆಲವು ಸಲ ಇಷ್ಟೇ: ಸ್ಪೆಲ್ಲಿಂಗ್ ಎರಡನೇ ಸಲ ನೋಡುವುದು.

ನಿಜವಾದ ಸೇವೆ ಮಾಡಬೇಕಾದರೆ ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗಬೇಕಲ್ಲವೇ?

ಕೆಲವರಿಗೆ ಆ ಕರೆ ಇರುತ್ತದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ‘ನಿಜವಾದ’ ಎಂಬ ಪದವನ್ನು ಒಪ್ಪುವುದಿಲ್ಲ.

ಪೌಲನನ್ನೇ ನೋಡಿ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯ ಮನೆಯಲ್ಲಿದ್ದು ಗುಡಾರ ಹೊಲಿಯುತ್ತಿದ್ದ (ಅಪೊಸ್ತಲರ ಕೃತ್ಯಗಳು 18). ಎಫೆಸದ ಹಿರಿಯರನ್ನು ಬೀಳ್ಕೊಡುವಾಗ, ತನ್ನ ಖರ್ಚಿಗೂ ಜೊತೆಯವರ ಖರ್ಚಿಗೂ ಈ ಕೈಗಳೇ ದುಡಿದವು ಎಂದು ಹೇಳಿದ. ಆ ಕೈಗಳಲ್ಲಿ ಸೂಜಿ ಚುಚ್ಚಿದ ಗುರುತುಗಳು ಇದ್ದಿರಬೇಕು ಎಂದು ಆ ವಾಕ್ಯ ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ. ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ 1520ರಲ್ಲೇ ಬರೆದರು: ಚಪ್ಪಲಿ ಹೊಲಿಯುವವನು, ಕಮ್ಮಾರ, ರೈತ, ಪ್ರತಿಯೊಬ್ಬರಿಗೂ ಅವರವರ ಕಸುಬು ಇದೆ, ಆದರೂ ದೇವರ ಮುಂದೆ ಎಲ್ಲರೂ ಸೇವೆಗೆ ಪ್ರತ್ಯೇಕಿಸಲಾದ ಯಾಜಕರೇ ಎಂದು.

ವಿಲಿಯಂ ವಿಲ್ಬರ್‌ಫೋರ್ಸ್ ಇಂಗ್ಲೆಂಡಿನ ಯುವ ಸಂಸದ. 1785ರ ಸುಮಾರಿಗೆ ನಂಬಿಕೆಗೆ ಬಂದಾಗ ರಾಜಕೀಯ ಬಿಟ್ಟುಬಿಡಬೇಕು ಎಂಬ ತಳಮಳದಲ್ಲಿದ್ದರು. ಸಲಹೆ ಕೇಳಲು ಹೋದದ್ದು ಜಾನ್ ನ್ಯೂಟನ್ ಬಳಿಗೆ. ಒಂದು ಕಾಲದಲ್ಲಿ ಗುಲಾಮರ ಹಡಗು ನಡೆಸಿ, ಆಮೇಲೆ ಸಭಾಪಾಲಕರಾದವರು ಅವರು. ಇದ್ದಲ್ಲೇ ಇರು ಎಂದು ನ್ಯೂಟನ್ ಹೇಳಿದರು. ವಿಲ್ಬರ್‌ಫೋರ್ಸ್ ಇದ್ದರು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾನೂನು ಬಂದದ್ದು 1807ರಲ್ಲಿ. ಅಷ್ಟು ವರ್ಷ ಸೋತು, ಮತ್ತೆ ಮಂಡಿಸಿ, ಮತ್ತೆ ಸೋತು ಹೋರಾಡಿದ್ದು ಒಬ್ಬ ‘ಲೌಕಿಕ’ ಉದ್ಯೋಗಿ.

ಕೆಲಸ ಬಿಡಬೇಕು ಅನ್ನಿಸಿದಾಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಒಂದು ಕರೆಗೆ ಓಗೊಡುತ್ತಿದ್ದೇನೆಯೇ, ಅಥವಾ ಒಬ್ಬ ಮ್ಯಾನೇಜರ್‌ನಿಂದ ತಪ್ಪಿಸಿಕೊಳ್ಳುತ್ತಿದ್ದೇನೆಯೇ? ಎರಡನೆಯದಾದರೆ ಬೇರೆ ಕೆಲಸ ಹುಡುಕಿ. ಅದರಲ್ಲಿ ತಪ್ಪೇನಿಲ್ಲ. ಅದಕ್ಕೆ ಸೇವೆಯ ಹೆಸರು ಕೊಡಬೇಡಿ.

ಸಹೋದ್ಯೋಗಿಗಳಿಗೆ ಸುವಾರ್ತೆ ಹೇಳದೆ ಸುಮ್ಮನಿದ್ದರೆ ತಪ್ಪಾಗುತ್ತದೆಯೇ?

1 ಪೇತ್ರ 3:15ರಲ್ಲಿ ಪೇತ್ರ ಒಂದು ಕ್ರಮ ಹೇಳುತ್ತಾನೆ. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನು ಎಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ. ಅದನ್ನು ಸಾತ್ವಿಕತ್ವದಿಂದಲೂ ಗೌರವದಿಂದಲೂ ಹೇಳಿ. ಮೊದಲು ಅವರು ಕೇಳಬೇಕು. ಕೇಳಬೇಕಾದರೆ ನಮ್ಮಲ್ಲಿ ಅವರಿಗೆ ಏನಾದರೂ ಕಾಣಬೇಕು.

ನಮ್ಮ ಗುಂಪಿನ ಒಬ್ಬ ನರ್ಸ್ ಅಕ್ಕ ಹೇಳಿದ್ದು. ರಾತ್ರಿ ಪಾಳಿಯಲ್ಲಿ ಇನ್ನೊಬ್ಬ ನರ್ಸ್ ಔಷಧಿಯ ಚಾರ್ಟ್‌ನಲ್ಲಿ ತಪ್ಪು ಮಾಡಿದ್ದಳು. ರೋಗಿಗೆ ಅಪಾಯವಾಗುವ ಮೊದಲೇ ಅಕ್ಕನ ಕಣ್ಣಿಗೆ ಬಿತ್ತು. ಅವಳನ್ನು ಬದಿಗೆ ಕರೆದು, “ಬಾ, ಇಬ್ಬರೂ ಹೋಗಿ ಇನ್‌ಚಾರ್ಜ್‌ಗೆ ಹೇಳೋಣ, ನಾನು ನಿನ್ನ ಜೊತೆ ನಿಂತುಕೊಳ್ಳುತ್ತೇನೆ” ಎಂದರು. ಮುಚ್ಚಿಡಲಿಲ್ಲ, ಬೀದಿಗೂ ತರಲಿಲ್ಲ. ತಿಂಗಳುಗಳು ಕಳೆದ ಮೇಲೆ ಆ ಹುಡುಗಿ ಬಂದು ಕೇಳಿದಳಂತೆ, “ಅಕ್ಕಾ, ಅವತ್ತು ಯಾಕೆ ಹಾಗೆ ಮಾಡಿದಿರಿ?” ಯೇಸುವಿನ ಬಗ್ಗೆ ಹೇಳಲು ಇದಕ್ಕಿಂತ ಒಳ್ಳೆಯ ಬಾಗಿಲು ಯಾವುದಿದೆ?

ಕೇಳಿದಾಗ ಮಾತ್ರ ನಾಚಿಕೊಳ್ಳಬೇಡಿ. “ಏನೋ, ನನ್ನ ಸ್ವಭಾವವೇ ಹಾಗೆ” ಎಂದು ಜಾರಿಕೊಳ್ಳುವುದು ಬೇಡ. ಎರಡು ಮಾತಿನಲ್ಲಿ ಸತ್ಯ ಹೇಳಿ. ಇನ್ನೂ ತಿಳಿಯುವ ಆಸೆ ಅವರಿಗಿದ್ದರೆ ಊಟದ ವಿರಾಮದಲ್ಲಿ, ಕೆಲಸ ಬಿಟ್ಟ ಮೇಲೆ ಮಾತಾಡಿ. ಬೇಡ ಅಂದರೆ ಅಲ್ಲಿಗೆ ನಿಲ್ಲಿಸಿ, ಸ್ನೇಹ ಮಾತ್ರ ಮೊದಲಿನ ಹಾಗೆಯೇ ಇರಲಿ. ಬೇಡ ಅಂದವರ ಜೊತೆ ನಾವು ಮುಂದೆ ಹೇಗಿರುತ್ತೇವೆ ಎನ್ನುವುದೂ ಸಾಕ್ಷಿಯೇ.

ನಾನು ಟೀಮ್ ಲೀಡರ್. ನನ್ನ ಕೈಕೆಳಗಿನವರನ್ನು ಪ್ರಾರ್ಥನಾ ಕೂಟಕ್ಕೆ ಕರೆಯಬಹುದೇ?

ಕರೆಯದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನೀವು ಪ್ರೀತಿಯಿಂದಲೇ ಕರೆದಿರುತ್ತೀರಿ. ಆದರೆ ಅವರ ಇನ್‌ಕ್ರಿಮೆಂಟ್ ನಿಮ್ಮ ಕೈಯಲ್ಲಿದೆ. ಬಾರದಿದ್ದರೆ ಏನಾದೀತೋ ಎಂಬ ಲೆಕ್ಕ ಅವರ ತಲೆಯಲ್ಲಿ ಓಡುತ್ತದೆ. ಹೆದರಿಕೆಯಿಂದ ಬಂದವರು ಕೂಟದಲ್ಲಿ ಕೂತರೂ ಯೇಸುವಿನ ಹತ್ತಿರ ಬಂದ ಹಾಗಲ್ಲ. ಆಸ್ತಿ ಮಾರಿ ಬಡವರಿಗೆ ಕೊಟ್ಟು ನನ್ನನ್ನು ಹಿಂಬಾಲಿಸು ಎಂಬ ಮಾತು ಕೇಳಿ ಐಶ್ವರ್ಯವಂತನಾದ ಯುವಕ ಮುಖ ಬಾಡಿಸಿಕೊಂಡು ಹೊರಟಾಗ ಯೇಸು ಹಿಂದೆ ಓಡಿ ಹೋಗಿ ತಡೆಯಲಿಲ್ಲ. ಅಧಿಕಾರ ಇರುವವರು ಆ ಸ್ವಾತಂತ್ರ್ಯವನ್ನು ಇನ್ನೂ ಹೆಚ್ಚು ಜೋಪಾನ ಮಾಡಬೇಕು.

ಟೇಬಲ್ ಮೇಲೆ ಬೈಬಲ್, ಗೋಡೆಗೆ ವಾಕ್ಯ ಹಾಕಬಹುದೇ?

ಕಂಪನಿಯ ನಿಯಮ ಒಪ್ಪಿದರೆ ಹಾಕಿ. ಆಮೇಲೆ ಜನ ಆ ವಾಕ್ಯವನ್ನು ಓದುವುದಕ್ಕಿಂತ ಅದರ ಕೆಳಗೆ ಕೂತವರನ್ನು ಓದುತ್ತಾರೆ ಎನ್ನುವುದು ನೆನಪಿರಲಿ.

ಕೆಲಸದ ನಡುವೆ ಪ್ರಾರ್ಥನೆ ಮಾಡುವುದು ಹೇಗೆ? ಸಮಯವೇ ಸಿಗುವುದಿಲ್ಲ.

ನೆಹೆಮೀಯ ಪಾರಸಿಯ ಅರಸನಿಗೆ ಪಾನದಾಯಕನಾಗಿದ್ದ. ಅರಸ “ನಿನಗೆ ಏನು ಬೇಕು?” ಎಂದು ಕೇಳಿದ. ಪ್ರಶ್ನೆಗೂ ಉತ್ತರಕ್ಕೂ ನಡುವೆ ನೆಹೆಮೀಯ ಪರಲೋಕದ ದೇವರನ್ನು ಪ್ರಾರ್ಥಿಸಿದ (ನೆಹೆಮೀಯ 2:4). ಎಷ್ಟು ಕ್ಷಣ ಸಿಕ್ಕಿದ್ದೀತು? ಒಂದು ಉಸಿರು. ಅಷ್ಟು ಸಾಕು. ಆದರೆ ಆ ಒಂದು ಉಸಿರಿನ ಹಿಂದೆ ಮೊದಲನೇ ಅಧ್ಯಾಯದ ಅಳುವೂ ಉಪವಾಸವೂ ಇದ್ದವು, ಅದನ್ನು ಬಿಡುವ ಹಾಗಿಲ್ಲ. ಮುಂಜಾನೆ ಮನೆಯಲ್ಲಿ ಕೂತು ಪ್ರಾರ್ಥಿಸಿದವರಿಗೆ ಮಧ್ಯಾಹ್ನದ ಮೀಟಿಂಗಿನಲ್ಲಿ ಆ ಉಸಿರು ತಾನಾಗಿ ಬರುತ್ತದೆ.

ನಾನು ಮಾಡುವುದು ಇಷ್ಟು. ಕಂಪ್ಯೂಟರ್ ಆನ್ ಆಗುವ ತನಕ ಆ ದಿನ ನನ್ನ ಹತ್ತಿರ ಬರಲಿರುವ ಇಬ್ಬರು ಮೂವರ ಹೆಸರನ್ನು ಮನಸ್ಸಿನಲ್ಲಿ ದೇವರಿಗೆ ಹೇಳುತ್ತೇನೆ. ಕಿರಿಕಿರಿ ಕೊಡುವವರ ಹೆಸರು ಮೊದಲು.

ಕೆಲಸದ ಅವಧಿಯಲ್ಲಿ ಅರ್ಧ ಗಂಟೆ ಬೈಬಲ್ ಓದಿ ಕೂರುವುದು ಭಕ್ತಿಯಲ್ಲ. ಆ ಅರ್ಧ ಗಂಟೆಗೆ ನಾವು ಸಂಬಳ ತೆಗೆದುಕೊಂಡಿದ್ದೇವೆ.

ಸುಳ್ಳು ಲೆಕ್ಕ ಬರೆಯಲು ಮೇಲಿನವರು ಹೇಳಿದರೆ ಏನು ಮಾಡಬೇಕು?

ಇದಕ್ಕೆ ನನ್ನ ಬದುಕಿನಿಂದಲೇ ಉತ್ತರ ಕೊಡಬೇಕು.

ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಕಂಪನಿಯ ಹೆಸರು ಇಲ್ಲಿ ಬೇಡ. ತಿಂಗಳ ಲೆಕ್ಕ ಮುಗಿಸುವ ಹೊತ್ತು. 3ನೇ ತಾರೀಖು ಬಂದಿಳಿದ ಸರಕನ್ನು ಹಿಂದಿನ ತಿಂಗಳ 31ಕ್ಕೇ ಬಂದಂತೆ ಸ್ಟಾಕ್ ರಿಜಿಸ್ಟರ್‌ನಲ್ಲಿ ತೋರಿಸಬೇಕು ಎಂದು ಮ್ಯಾನೇಜರ್ ಹೇಳಿದರು. “ಮೂರೇ ದಿನದ ವ್ಯತ್ಯಾಸ. ಸರಕು ಬಂದಿದೆ, ದುಡ್ಡೂ ಕೊಟ್ಟಿದ್ದೇವೆ, ಯಾರಿಗೂ ನಷ್ಟವಿಲ್ಲ.” ನಾನು 31 ಎಂದು ಬರೆದು ಸಹಿ ಹಾಕಿದೆ. ನನ್ನ ಸಹಿಯ ಕೆಳಗೆ ಸ್ಟೋರ್ ನೋಡಿಕೊಳ್ಳುತ್ತಿದ್ದ ಹಿರಿಯರು ಸಹಿ ಹಾಕಿದರು. ಆಡಿಟ್‌ನಲ್ಲಿ ಸಿಕ್ಕಿಬಿತ್ತು. ಗೇಟ್ ರಿಜಿಸ್ಟರ್‌ನಲ್ಲಿ ಲಾರಿ ಒಳಗೆ ಬಂದ ತಾರೀಖು 3 ಎಂದೇ ಇತ್ತು. ಮೆಮೊ ಬಂದದ್ದು ನನಗಲ್ಲ, ಸ್ಟೋರಿನ ಹಿರಿಯರಿಗೆ. ನಾನು ಹೋಗಿ ಅವರ ಮುಂದೆ ನಿಂತಾಗ ಬೈಯಲಿಲ್ಲ. “ನೀವು ಪ್ರಾರ್ಥನೆ ಮಾಡುವ ಜನ ಅಲ್ಲವಾ, ನಿಮ್ಮ ಸಹಿ ಇತ್ತು ಅಂತ ನಾನು ತಾರೀಖು ನೋಡಲಿಲ್ಲ” ಎಂದರು.

ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ. ನನ್ನ ನಂಬಿಕೆಯನ್ನು ನಂಬಿ ಅವರು ಮೋಸಹೋದರು.

ಎರಡು ವರ್ಷದ ಮೇಲೆ ಅಂಥದೇ ಸಂದರ್ಭ ಬಂತು. ಈ ಸಲ ದಾನಿಯೇಲನ ಮೊದಲನೇ ಅಧ್ಯಾಯ ಓದಿ ಹೋಗಿದ್ದೆ. ಬಾಬೆಲಿಗೆ ಸೆರೆಯಾಗಿ ಹೋದ ದಾನಿಯೇಲ, ತನ್ನನ್ನು ಅಶುದ್ಧಗೊಳಿಸುವ ಅರಸನ ಭೋಜನ ಬೇಡವೆಂದು ನಿಶ್ಚಯಿಸಿಕೊಂಡ. ಆದರೆ ತಟ್ಟೆ ನೂಕಿ ಗಲಾಟೆ ಮಾಡಲಿಲ್ಲ. ಮೇಲ್ವಿಚಾರಕನ ಕಷ್ಟ ಏನೆಂದು ಕೇಳಿಸಿಕೊಂಡ. ‘10 ದಿನ ಪರೀಕ್ಷಿಸಿ ನೋಡಿ’ ಎಂದು ಬೇರೊಂದು ದಾರಿಯನ್ನು ತಾನೇ ಮುಂದಿಟ್ಟ. ನಾನೂ ಮ್ಯಾನೇಜರ್ ಬಳಿ ಒಬ್ಬನೇ ಹೋಗಿ, “ಸರ್, ಬಂದ ತಾರೀಖನ್ನೇ ಬರೆಯುತ್ತೇನೆ. ತಡವಾದ ಕಾರಣವನ್ನು ಹೆಡ್ ಆಫೀಸಿಗೆ ವಿವರಿಸುವ ಪತ್ರವನ್ನು ಇವತ್ತು ರಾತ್ರಿ ಕೂತು ನಾನೇ ತಯಾರು ಮಾಡಿಕೊಡುತ್ತೇನೆ” ಎಂದೆ. ಅವರು ನನ್ನ ಮುಖ ನೋಡದೆ “ಹೋಗು” ಎಂದರು. ಪತ್ರ ಬರೆದುಕೊಟ್ಟೆ. ಆರು ವಾರ ನನ್ನ ಜೊತೆ ಮಾತಾಡಲಿಲ್ಲ. ಆ ವರ್ಷ ಪ್ರಮೋಷನ್ ಬೇರೆಯವರಿಗೆ ಹೋಯಿತು. ಮುಂದೆ ಅವರು ಬದಲಾದರು ಎಂದು ಹೇಳುವ ಆಸೆ ನನಗೂ ಇದೆ, ಆದರೆ ಹಾಗೇನೂ ಆಗಲಿಲ್ಲ. ಸ್ಟೋರಿನ ಹಿರಿಯರು ಮಾತ್ರ ಅವತ್ತು ರಿಜಿಸ್ಟರ್ ತೆರೆದು, ತಾರೀಖಿನ ಮೇಲೆ ಬೆರಳಿಟ್ಟು ಓದಿ, ಸಹಿ ಹಾಕಿದರು.

ದೇವರ ಮಾತು ಇಲ್ಲಿ ಬಹಳ ನೇರವಾಗಿದೆ. ತೂಕ, ಅಳತೆ ಸರಿಯಾಗಿರಬೇಕು ಎಂದು ಯಾಜಕಕಾಂಡ 19 ಆಜ್ಞಾಪಿಸುತ್ತದೆ. ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ ಎಂದು ಜ್ಞಾನೋಕ್ತಿ 11:1 ಹೇಳುತ್ತದೆ. ಹೇಗೆ ನಿರಾಕರಿಸಬೇಕು ಎನ್ನುವುದರಲ್ಲಿ ಮಾತ್ರ ನಮಗೆ ವಿವೇಕ ಬೇಕು: ಖಾಸಗಿಯಾಗಿ, ಮರ್ಯಾದೆಯಿಂದ, ಇನ್ನೊಂದು ದಾರಿ ಕೈಯಲ್ಲಿ ಹಿಡಿದು. ಅದೂ ನಡೆಯದೆ, ಜನರ ಪ್ರಾಣಕ್ಕೋ ಹಣಕ್ಕೋ ಕುತ್ತು ಬರುವಂತಿದ್ದರೆ ದಾಖಲೆ ಇಟ್ಟುಕೊಂಡು ಮೇಲಿನವರಿಗೆ, ಕಾನೂನಿಗೆ ತಿಳಿಸಬೇಕು. ಒಬ್ಬರೇ ಹೊರಬೇಡಿ. ಪಾಸ್ಟರ್ ಜೊತೆಗೂ ಕಾನೂನು ಬಲ್ಲವರ ಜೊತೆಗೂ ಮಾತಾಡಿ.

“ಸರ್ ಇಲ್ಲ ಅಂತ ಹೇಳಿಬಿಡು” ಎಂಬಂಥ ಸಣ್ಣ ಸುಳ್ಳುಗಳು?

“ಸರ್ ಈಗ ಮಾತಾಡಲು ಆಗುವುದಿಲ್ಲ, ಏನು ಹೇಳಲಿ?” ಎಂದರೆ ಕೆಲಸವೂ ಆಯಿತು, ಸುಳ್ಳೂ ಬೇಕಾಗಲಿಲ್ಲ. ಹೀಗೆ ಹತ್ತರಲ್ಲಿ ಒಂಬತ್ತು ಸಣ್ಣ ಸುಳ್ಳಿಗೆ ಬದಲಾಗಿ ಒಂದು ಸರಳ ಸತ್ಯ ಸಿಗುತ್ತದೆ, ಹುಡುಕುವ ಮನಸ್ಸಿರಬೇಕು.

ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ ಎಂದು ಯೇಸು ಹೇಳಿದ್ದನ್ನು (ಮತ್ತಾಯ 5:37) 17ನೇ ಶತಮಾನದ ಇಂಗ್ಲೆಂಡಿನ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ವ್ಯಾಪಾರಿಗಳು ಅಂಗಡಿಯಲ್ಲೇ ಪಾಲಿಸಿದರು. ಹೆಚ್ಚು ಹೇಳಿ ಆಮೇಲೆ ಇಳಿಸುವುದೂ ಒಂದು ಸುಳ್ಳೇ ಎಂದು ಅವರಿಗೆ ಅನ್ನಿಸಿತು. ಚೌಕಾಶಿಯನ್ನೇ ಬಿಟ್ಟು ಎಲ್ಲರಿಗೂ ಒಂದೇ ಬೆಲೆ ಇಟ್ಟರು. ಮೊದಮೊದಲು ಗಿರಾಕಿಗಳು ದೂರ ಹೋದರು. ಆಮೇಲೆ, ಚಿಕ್ಕ ಮಗುವನ್ನು ಕಳಿಸಿದರೂ ಅಲ್ಲಿ ಮೋಸವಿಲ್ಲ ಎಂದು ಗೊತ್ತಾಗಿ ಅವರ ಅಂಗಡಿಗೇ ಬಂದರು.

ಬಾಸ್ ಎಲ್ಲರೆದುರು ಬೈಯುತ್ತಾರೆ. ಕ್ರೈಸ್ತರಾದ ಮೇಲೆ ಸಹಿಸಿಕೊಳ್ಳಬೇಕು ಅನ್ನುತ್ತಾರೆ. ಎಷ್ಟು ದಿನ?

ನಿಮ್ಮ ನೋವು ನಿಜ. ಅದನ್ನು ವಾಕ್ಯ ಹೇಳಿ ಮುಚ್ಚಿಬಿಡುವವರ ಮಾತಿಗೆ ನಾನು ದನಿಗೂಡಿಸಲಾರೆ.

ಸೇಡು ತೀರಿಸದಿರುವುದು ಒಂದು, ಅನ್ಯಾಯಕ್ಕೆ ತಲೆಬಾಗುವುದು ಇನ್ನೊಂದು. ಫಿಲಿಪ್ಪಿ ಎಂಬ ಊರಿನಲ್ಲಿ ಅಧಿಕಾರಿಗಳು ವಿಚಾರಣೆ ಇಲ್ಲದೆ ಹೊಡೆದು ಸೆರೆಗೆ ಹಾಕಿ, ಬೆಳಿಗ್ಗೆ ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದಾಗ ಪೌಲ ಹೊರಡಲಿಲ್ಲ. ನಾವು ರೋಮಿನ ಪೌರತ್ವದ ಹಕ್ಕುಳ್ಳವರು, ಆ ಅಧಿಕಾರಿಗಳೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದ (ಅಪೊಸ್ತಲರ ಕೃತ್ಯಗಳು 16). ಹಿಂದಿನ ರಾತ್ರಿ ಅದೇ ಪೌಲ ಸೆರೆಯಲ್ಲಿ ಕೀರ್ತನೆ ಹಾಡಿದ್ದ, ಪ್ರಾಣ ತೆಗೆದುಕೊಳ್ಳಲಿದ್ದ ಸೆರೆಯ ಯಜಮಾನನನ್ನು ಉಳಿಸಿದ್ದ. ಹಾಡೂ ಹಕ್ಕೂ ಒಬ್ಬನೇ ಮನುಷ್ಯನ ಬಾಯಿಂದ ಬಂದವು.

ಹಾಗಾಗಿ ಮೊದಲು ಬಾಸ್ ಜೊತೆ ಒಬ್ಬರೇ ಮಾತಾಡಿ. ಅಪರಾಧ ಮಾಡಿದವನ ಬಳಿ ನೀನೂ ಅವನೂ ಇಬ್ಬರೇ ಇರುವಾಗ ಹೋಗು ಎಂದು ಮತ್ತಾಯ 18 ಸಹೋದರರ ವಿಷಯದಲ್ಲಿ ಹೇಳಿದ ಮಾತು ಇಲ್ಲೂ ಒಳ್ಳೆಯ ದಾರಿ. ಬದಲಾಗದಿದ್ದರೆ ಎಚ್‌ಆರ್‌ಗೆ ಬರೆದು ಕೊಡಿ. ಲೈಂಗಿಕ ಕಿರುಕುಳ, ಕೈಮಾಡುವುದು ಇದ್ದರಂತೂ ಒಬ್ಬರೇ ಹೋಗಿ ಮಾತಾಡುವ ಪ್ರಶ್ನೆಯೇ ಇಲ್ಲ. ಅವತ್ತೇ ದೂರು ಕೊಡಿ. ಕ್ಷಮೆ ಮನಸ್ಸಿನಲ್ಲಿ ನಡೆಯಬೇಕಾದ ಕೆಲಸ, ಅದಕ್ಕೆ ಕಾಲ ಹಿಡಿಯುತ್ತದೆ. ದೂರು ಕೊಟ್ಟರೆ ಕ್ಷಮಿಸಿಲ್ಲ ಎಂದರ್ಥವಲ್ಲ.

ಊಟದ ಹೊತ್ತಿನಲ್ಲಿ ಎಲ್ಲರೂ ಇಲ್ಲದವರ ಬಗ್ಗೆ ಆಡಿಕೊಳ್ಳುತ್ತಾರೆ. ಎದ್ದು ಹೋದರೆ ಅಹಂಕಾರಿ ಅನ್ನುತ್ತಾರೆ.

ಎದ್ದು ಹೋಗಬೇಡಿ. ಅವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಒಳ್ಳೆಯ ವಿಷಯ ಹೇಳಿ. ಮಾತಿನ ದಿಕ್ಕು ಎಷ್ಟೋ ಸಲ ಅಲ್ಲಿಗೇ ತಿರುಗುತ್ತದೆ.

ಪ್ರಮೋಷನ್‌ಗೆ ಆಸೆಪಡುವುದು ತಪ್ಪೇ?

ತಪ್ಪಲ್ಲ. ಯೋಸೇಫನೂ ದಾನಿಯೇಲನೂ ದೊಡ್ಡ ಹುದ್ದೆಯಲ್ಲಿದ್ದವರು. ಹುದ್ದೆ ಬಂದ ಮೇಲೆ ಅದನ್ನು ಯಾತಕ್ಕೆ ಬಳಸುತ್ತೀರಿ ಎಂಬುದನ್ನು ನೋಡಿ. ನೆಹೆಮೀಯ ಯೆಹೂದದ ಅಧಿಪತಿಯಾಗಿದ್ದ 12 ವರ್ಷ, ತನಗೆ ಸಲ್ಲಬೇಕಾಗಿದ್ದ ಭೋಜನದ ಭತ್ಯೆಯನ್ನು ಜನರಿಂದ ತೆಗೆದುಕೊಳ್ಳಲಿಲ್ಲ. ಜನರ ಮೇಲೆ ಹೊರೆ ಆಗಲೇ ಭಾರವಾಗಿತ್ತು, ದೇವರ ಭಯ ತನಗಿತ್ತು ಎಂದು ಕಾರಣ ಬರೆದಿಟ್ಟಿದ್ದಾನೆ. ಇಸ್ರಾಯೇಲಿನ ಅರಸ ಅಹಾಬನ ಅರಮನೆಯ ಉಗ್ರಾಣಿಕನಾಗಿದ್ದ ಓಬದ್ಯ, ರಾಣಿ ಪ್ರವಾದಿಗಳನ್ನು ಕೊಲ್ಲಿಸುತ್ತಿದ್ದಾಗ, ತನ್ನ ಸ್ಥಾನದ ಮರೆಯಲ್ಲಿ 100 ಮಂದಿ ಪ್ರವಾದಿಗಳನ್ನು, ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿ ಅನ್ನ ನೀರು ಕೊಟ್ಟ. ನಿಮಗೆ ಸಿಗುವ ಕುರ್ಚಿಯ ಮರೆಯಲ್ಲಿ ಯಾರಿಗೆ ನೆರಳು ಸಿಗುತ್ತದೆ?

ನಾನೇ ಮಾಲೀಕ. ನನಗೆ ಬೈಬಲ್ ಏನು ಹೇಳುತ್ತದೆ?

ನೌಕರರಿಗಿಂತ ನಿಮಗೇ ಖಾರವಾಗಿ ಹೇಳುತ್ತದೆ. ಕೂಲಿಯವನ ಕೂಲಿಯನ್ನು ಮರುದಿನದ ಮುಂಜಾನೆಯ ತನಕ ಇಟ್ಟುಕೊಳ್ಳಬೇಡ (ಯಾಜಕಕಾಂಡ 19:13). ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ಕರ್ತನ ಕಿವಿಗೆ ಮುಟ್ಟಿದೆ ಎಂದು ಯಾಕೋಬನ ಪತ್ರ 5:4 ಹೇಳುತ್ತದೆ. ಸಭೆಯ ಕಟ್ಟಡಕ್ಕೆ ಧಾರಾಳವಾಗಿ ಕೊಟ್ಟು, ಕೆಲಸದವರ ಸಂಬಳವನ್ನು ಮುಂದೂಡುವ ಮಾಲೀಕರನ್ನು ಕಂಡಿದ್ದೇನೆ. ಅವರ ಕಾಣಿಕೆಗಿಂತ ಮೊದಲು ಆ ಕೂಗು ಮೇಲೆ ಮುಟ್ಟಿರುತ್ತದೆ.

ಬೇತ್ಲೆಹೇಮಿನ ಹೊಲದ ಒಡೆಯ ಬೋವಜ ಹೊಲಕ್ಕೆ ಬಂದಾಗ ಕೊಯ್ಯುವವರಿಗೆ “ಯೆಹೋವನು ನಿಮ್ಮ ಸಂಗಡ ಇರಲಿ” ಎಂದು ತಾನೇ ಮೊದಲು ಹೇಳಿದ. ಪರದೇಶದಿಂದ ಬಂದು ಅಲ್ಲಿ ತೆನೆ ಆಯುತ್ತಿದ್ದ ವಿಧವೆ ರೂತಳನ್ನು ಯಾರೂ ಮುಟ್ಟದಂತೆ ಆಳುಗಳಿಗೆ ಆಜ್ಞೆ ಮಾಡಿದ. ಊಟಕ್ಕೆ ಜೊತೆಯಲ್ಲಿ ಕೂರಿಸಿದ. ಅವಳಿಗೆ ಸಿಗಲಿ ಎಂದು ಸಿವುಡುಗಳಿಂದ ತೆನೆ ಎಳೆದು ಬಿಡಿರಿ, ಗದರಿಸಬೇಡಿರಿ ಎಂದ. ವಂದನೆ, ರಕ್ಷಣೆ, ಊಟ, ಅವಳ ಮಾನಕ್ಕೆ ಕುಂದು ಬಾರದ ಸಹಾಯ. ಮಾಲೀಕರಿಗೆ ನಾನು ಓದಲು ಕೊಡುವುದು ರೂತಳ 2ನೇ ಅಧ್ಯಾಯವನ್ನೇ.

ನಮ್ಮ ಆಫೀಸಿನಲ್ಲಿ ಇನ್ನೊಬ್ಬ ವಿಶ್ವಾಸಿ ಇದ್ದಾರೆ. ಕೆಲಸ ಮಾತ್ರ ಮಾಡುವುದಿಲ್ಲ. “ಬ್ರದರ್, ಅಡ್ಜಸ್ಟ್ ಮಾಡಿ” ಅನ್ನುತ್ತಾರೆ.

ಸಹೋದರನೆಂಬ ಪ್ರೀತಿಯಿಂದಲೇ ಆಗುವುದಿಲ್ಲ ಎನ್ನಿ. ಯಜಮಾನರು ವಿಶ್ವಾಸಿಗಳಾಗಿದ್ದರೆ ಸಹೋದರರೆಂದು ಸದರ ತೆಗೆದುಕೊಳ್ಳದೆ ಇನ್ನೂ ಚೆನ್ನಾಗಿ ಸೇವೆ ಮಾಡಲಿ ಎಂದು 1 ತಿಮೊಥೆಯ 6:2ರಲ್ಲಿದೆ. ಅವರ ಪಾಲಿನ ಕೆಲಸ ಬೇರೆ ಯಾರ ಹೆಗಲಿಗೋ ಬೀಳುತ್ತಿದೆ. ಆ ಹೆಗಲಿನವರು ನಿಮ್ಮಿಬ್ಬರನ್ನೂ ನೋಡಿ ಕರ್ತನ ಬಗ್ಗೆ ತೀರ್ಮಾನಕ್ಕೆ ಬರುತ್ತಾರೆ.

ಆಫೀಸಿನಲ್ಲಿ ಬೇರೆ ನಂಬಿಕೆಯ ಪೂಜೆ, ಆಚರಣೆ ನಡೆದಾಗ ನಾನು ಎಲ್ಲಿ ನಿಲ್ಲಬೇಕು?

ಸಹೋದ್ಯೋಗಿಗಳ ಸಂತೋಷದಲ್ಲಿ ಸಂತೋಷಪಡಿ. ಶುಭಾಶಯ ಹೇಳಿ, ಕುರ್ಚಿ ಜೋಡಿಸಲು ಕೈ ಹಾಕಿ. ಆರಾಧನೆಯಲ್ಲಿ ಪಾಲುಗೊಳ್ಳುವ ಗೆರೆ ಬಂದಾಗ ಸದ್ದಿಲ್ಲದೆ, ಮುಖ ಸಿಂಡರಿಸದೆ ಹಿಂದೆ ನಿಲ್ಲಿ. ಆ ಗೆರೆ ಎಲ್ಲಿ ಎಂಬುದರಲ್ಲಿ ವಿಶ್ವಾಸಿಗಳ ನಡುವೆಯೇ ವ್ಯತ್ಯಾಸವಿದೆ. ಸಿರಿಯಾದ ಸೇನಾಪತಿ ನಾಮಾನ ಇಸ್ರಾಯೇಲಿನ ದೇವರನ್ನು ನಂಬಿದ ಮೇಲೆ, ತನ್ನ ಅರಸ ರಿಮ್ಮೋನ ಎಂಬ ದೇವತೆಯ ಗುಡಿಯಲ್ಲಿ ತನ್ನ ಕೈಮೇಲೆ ಒರಗಿ ಬಾಗುವಾಗ ತಾನೂ ಬಾಗಬೇಕಾಗುತ್ತದಲ್ಲ ಎಂದು ಪ್ರವಾದಿ ಎಲೀಷನ ಮುಂದೆ ಹೇಳಿಕೊಂಡ. ಎಲೀಷ ನಿಯಮಗಳ ಪಟ್ಟಿ ಕೊಡಲಿಲ್ಲ. ಸಮಾಧಾನದಿಂದ ಹೋಗು ಎಂದ. ನಿಮ್ಮ ಮನಸ್ಸಾಕ್ಷಿ ಒಪ್ಪದ್ದನ್ನು ಮಾಡಬೇಡಿ. ಬೇರೆ ವಿಶ್ವಾಸಿ ಬೇರೆ ಕಡೆ ಗೆರೆ ಎಳೆದರೆ ತೀರ್ಪು ಮಾಡಬೇಡಿ.

ರಜೆಯ ದಿನವೂ ಫೋನ್ ಬಿಡುವುದಿಲ್ಲ. ಕಷ್ಟಪಟ್ಟು ದುಡಿಯುವುದು ಒಳ್ಳೆಯ ಸಾಕ್ಷಿ ಅಲ್ಲವೇ?

ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿಯ ದಿನದ, ಆಜ್ಞೆಗೆ ಧರ್ಮೋಪದೇಶಕಾಂಡ 5 ಕೊಡುವ ಕಾರಣ ಗಮನಿಸಿ: ಐಗುಪ್ತದಲ್ಲಿ ನೀನು ದಾಸನಾಗಿದ್ದೆ ಎಂಬುದು ನೆನಪಿರಲಿ. ಅಲ್ಲಿನ ಅರಸ ಫರೋಹನ ಕೆಳಗೆ ಬಿಡುವಿರಲಿಲ್ಲ, ಇಟ್ಟಿಗೆಯ ಲೆಕ್ಕ ಮಾತ್ರ ಇತ್ತು. ದೇವರು ಬಿಡಿಸಿ ತಂದ ಮೇಲೆ ಕೊಟ್ಟ ಆಜ್ಞೆಯಲ್ಲಿ ಆಳುಗಳಿಗೂ, ಎತ್ತಿಗೂ, ಕತ್ತೆಗೂ ವಿಶ್ರಾಂತಿ ಸೇರಿದೆ. ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನ ಬೀಳುತ್ತಿದ್ದಾಗಲೂ 6ನೇ ದಿನ ಎರಡು ಪಾಲು ಸಿಗುತ್ತಿತ್ತು. 7ನೇ ದಿನ ಹುಡುಕಿಕೊಂಡು ಹೊರಗೆ ಹೋದವರಿಗೆ ಏನೂ ಸಿಗಲಿಲ್ಲ.

ತುರ್ತು ವಾರ್ಡಿನವರಿಗೆ, ಪಾಳಿಯವರಿಗೆ ಭಾನುವಾರವೇ ಸಿಗದಿರಬಹುದು. ಬೇರೆ ದಿನ ಹಿಡಿಯಿರಿ. ಆ ದಿನ ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ನಾವಿಲ್ಲದೆಯೂ ಲೋಕ ನಡೆಯುತ್ತದೆ ಎಂದು ಒಪ್ಪಿಕೊಳ್ಳುವುದಕ್ಕೆ ನಂಬಿಕೆ ಬೇಕು. ನನಗೆ ಅದು ಪ್ರಾರ್ಥನೆಗಿಂತ ಕಷ್ಟವಾದ ವರ್ಷಗಳಿದ್ದವು.

ನಾನು ಕ್ರೈಸ್ತ ಎಂದು ಎಲ್ಲರಿಗೂ ಗೊತ್ತು. ಆದರೂ ಸಿಟ್ಟಿನಲ್ಲಿ ಜೂನಿಯರ್ ಮೇಲೆ ಕೂಗಾಡಿಬಿಟ್ಟೆ. ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ?

ಕೂಗಾಡಿದ್ದು ಎಲ್ಲರೆದುರು ಆದರೆ ಕ್ಷಮೆಯನ್ನೂ ಎಲ್ಲರೆದುರು ಕೇಳಿ. “ಕೆಲಸದ ಒತ್ತಡ ಇತ್ತು, ಅದಕ್ಕೆ...” ಎಂದು ಬಾಲ ಸೇರಿಸಬೇಡಿ. “ನಾನು ಹಾಗೆ ಮಾತಾಡಬಾರದಿತ್ತು, ಕ್ಷಮಿಸು” ಎಂದು ನಿಲ್ಲಿಸಿ. ನಷ್ಟ ಮಾಡಿದ್ದರೆ ತುಂಬಿಕೊಡಿ. ಸುಂಕ ವಸೂಲಿಯ ಜಕ್ಕಾಯ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದ. ತಪ್ಪೇ ಮಾಡದವರ ಹಾಗೆ ಕಾಣಿಸಿಕೊಳ್ಳುವುದು ನಮ್ಮ ಸುವಾರ್ತೆಯಲ್ಲ. ಕ್ಷಮೆ ಪಡೆದವರು ನಾವು. ಅದು ಆಫೀಸಿನಲ್ಲಿ ಕಣ್ಣಿಗೆ ಕಾಣುವುದು ನಾವು ಕ್ಷಮೆ ಕೇಳುವಾಗಲೇ.

ಕೆಲಸ ಹೋಗಿದೆ. ಸಭೆಗೆ ಬರಲೂ ನಾಚಿಕೆ. ಈ ಮಾತುಗಳಲ್ಲಿ ನನಗೇನಿದೆ?

ಮತ್ತಾಯ 20ರಲ್ಲಿ ಯೇಸು ಹೇಳಿದ ದ್ರಾಕ್ಷೇತೋಟದ ಸಾಮ್ಯಕಥೆ ನಿಮ್ಮದು. ದಿನದ 11ನೇ ತಾಸು, ಅಂದರೆ ಇನ್ನೊಂದು ತಾಸಿಗೆ ಕತ್ತಲು. ಯಜಮಾನ ಪೇಟೆಗೆ ಬಂದು, ಇನ್ನೂ ನಿಂತಿದ್ದವರನ್ನು “ದಿನವೆಲ್ಲಾ ಯಾಕೆ ಸುಮ್ಮನೆ ನಿಂತಿದ್ದೀರಿ?” ಎಂದು ಕೇಳುತ್ತಾನೆ. “ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ” ಎನ್ನುತ್ತಾರೆ ಅವರು. ಆ ಒಂದು ಮಾತಿನಲ್ಲಿ ಎಷ್ಟು ನೋವಿದೆ ಎಂದು ಕೆಲಸವಿಲ್ಲದೆ ತಿಂಗಳುಗಟ್ಟಲೆ ಕಾದವರಿಗೆ ಗೊತ್ತು. ಯಜಮಾನ ಅವರನ್ನು ಸೋಮಾರಿಗಳು ಅನ್ನಲಿಲ್ಲ. ಹೊತ್ತು ಮುಳುಗುವ ವೇಳೆಯಲ್ಲೂ ಮತ್ತೆ ಪೇಟೆಗೆ ಹೋಗಿ ಹುಡುಕಿದವನು ಅವನೇ, ಸಂಜೆ ಅವರಿಗೆ ಪೂರ್ತಿ ದಿನದ ಕೂಲಿ ಕೊಟ್ಟವನೂ ಅವನೇ.

ಬನ್ನಿ. ನಮ್ಮ ಗುಂಪಿನಲ್ಲಿ ಈಗ ಕೆಲಸ ಹುಡುಕುತ್ತಿರುವವರು ನೀವೊಬ್ಬರೇ ಅಲ್ಲ, ಇನ್ನೂ ಮೂವರಿದ್ದಾರೆ. ಅಧ್ಯಯನಕ್ಕೆ ಅರ್ಧ ಗಂಟೆ ಮೊದಲೇ ಬಂದು ಒಬ್ಬರ ಬಯೋಡೇಟಾ ಒಬ್ಬರು ತಿದ್ದುತ್ತಾರೆ, ಇಂಟರ್‌ವ್ಯೂ ಇರುವವರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಬರುವಾಗ ನಿಮ್ಮದೂ ಒಂದು ಪ್ರತಿ ತನ್ನಿ.